ಒಂದೇ ಪಿಸ್ತೂಲು, ಎರಡು ಕೆಲಸ: ಅಮೆರಿಕದಲ್ಲಿರುವ ನಮ್ಮವರ ಮುಂದಿನ ಪ್ರಶ್ನೆ

2025ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಡಲ್ಲಾಸ್ ನಗರದ ಮೋಟೆಲೊಂದರಲ್ಲಿ ಕರ್ನಾಟಕ ಮೂಲದ ಮ್ಯಾನೇಜರ್ ಒಬ್ಬರನ್ನು ಜತೆಗೆ ಕೆಲಸ ಮಾಡುತ್ತಿದ್ದವನೇ ಹೆಂಡತಿ ಮತ್ತು ಮಗನ ಕಣ್ಣೆದುರು ಕಡಿದು ಕೊಂದ. ಅದಕ್ಕೆ ಎರಡು ವಾರ ಮೊದಲು, ಆಗಸ್ಟ್ 27ರಂದು, ಮಿನಿಯಾಪೊಲಿಸ್‌ನ ಅನನ್ಸಿಯೇಶನ್ ಕಥೋಲಿಕ ದೇವಾಲಯದಲ್ಲಿ ಶಾಲಾ ಮಕ್ಕಳ ಬಲಿಪೂಜೆ ನಡೆಯುತ್ತಿದ್ದಾಗ ಹೊರಗಿನಿಂದ ಕಿಟಕಿಗಳ ಮೂಲಕ ಗುಂಡಿನ ಮಳೆಗರೆಯಲಾಯಿತು. ಇಬ್ಬರು ಮಕ್ಕಳು ಅಸುನೀಗಿದರು. ಮಗನೋ ಮಗಳೋ ಅಮೆರಿಕದಲ್ಲಿರುವ ಕುಟುಂಬಗಳು ನಮ್ಮ ಕರಾವಳಿಯ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಅಲ್ಲಿ ಒಂದು ಪಿಸ್ತೂಲು ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ, ಇಟ್ಟುಕೊಳ್ಳುವುದಾದರೆ ಎಂಥದ್ದು ಎಂಬ ಪ್ರಶ್ನೆ ಅಂಥ ಮನೆಗಳಲ್ಲಿ ಏಳುವುದು ಸಹಜ.

ಈ ಪ್ರಶ್ನೆಯನ್ನು ಕೇಳಬಾರದು ಎಂದು ನಾವು ಹೇಳುವುದಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಧರ್ಮಸಭೆಯ ಬೋಧನೆಯೂ ಅಲ್ಲಗಳೆದಿಲ್ಲ. ಆದರೆ ಅಲ್ಲಿನ ಅಂಗಡಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಅರ್ಧ ಮಾತ್ರ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಊರಿನಲ್ಲಿ ಕೋವಿ ಎಂದರೆ ತೋಟಕ್ಕೆ ಬರುವ ಹಂದಿ, ಮಂಗಗಳನ್ನು ಓಡಿಸಲು ಪರವಾನಗಿ ಪಡೆದು ಇಟ್ಟುಕೊಂಡದ್ದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರಬೇಕಾದದ್ದು. ಅಮೆರಿಕದ ಲೆಕ್ಕಾಚಾರವೇ ಬೇರೆ. ಮನೆಯಲ್ಲಿ ಆತ್ಮರಕ್ಷಣೆಗಾಗಿ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅದನ್ನು ಮನೆಯ ಹೊರಗೂ ಧರಿಸಿಕೊಂಡು ಹೋಗುವುದು ಹಕ್ಕು ಎಂದು 2022ರಲ್ಲಿ ನ್ಯೂಯಾರ್ಕಿನ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಪರವಾನಗಿಯೇ ಇಲ್ಲದೆ ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಬಹುದಾದ ರಾಜ್ಯಗಳ ಸಂಖ್ಯೆ 2024ರಲ್ಲಿ ದಕ್ಷಿಣ ಕೆರೊಲಿನಾ ಮತ್ತು ಲೂಯಿಸಿಯಾನ ಸೇರಿದ ಮೇಲೆ 29ಕ್ಕೇರಿತು. ಟೆಕ್ಸಾಸ್ 2021ರಿಂದಲೂ ಆ ಪಟ್ಟಿಯಲ್ಲಿದೆ. ಪರವಾನಗಿ ಬೇಡವೆಂದ ಮೇಲೆ ಅದರ ಜತೆಗಿದ್ದ ತರಬೇತಿಯೂ ಕಡ್ಡಾಯವಲ್ಲ.

ಕಾನೂನು ಸಡಿಲವಾದಂತೆ ಪಿಸ್ತೂಲು ಸಣ್ಣದಾಗುತ್ತಾ ಬಂತು. ಆಸ್ಟ್ರಿಯದ ಗ್ಲಾಕ್ ಕಂಪನಿ 1988ರಲ್ಲಿ ತಂದ ‘ಗ್ಲಾಕ್ 19’ ಕಾಂಪ್ಯಾಕ್ಟ್ ವರ್ಗಕ್ಕೆ ಇಂದಿಗೂ ಮಾದರಿ: 15 ಗುಂಡು, ನಾಲ್ಕು ಇಂಚಿನ ನಳಿಗೆ, ಖಾಲಿ ಇದ್ದಾಗ ಸುಮಾರು 600 ಗ್ರಾಂ ತೂಕ. ಅದಕ್ಕಿಂತ ಸಣ್ಣದಾದ, ತೆಳುವಾದ ಪಿಸ್ತೂಲು ಬೇಕೆನ್ನುವವರು ಸಾಮಾನ್ಯವಾಗಿ ಏಳೆಂಟು ಗುಂಡಿಗೆ ತೃಪ್ತಿಪಡಬೇಕಿತ್ತು. 2018ರಲ್ಲಿ ಸಿಗ್ ಸಾವರ್ ಕಂಪನಿಯ ‘ಪಿ365’ ಅಂಗೈಯಲ್ಲಿ ಹಿಡಿಸುವ, ಸುಮಾರು ಅರ್ಧ ಕಿಲೋ ತೂಕದ ಪಿಸ್ತೂಲಿನ ಮ್ಯಾಗಜೀನಿಗೆ 10 ಗುಂಡು ತುಂಬಿಸಿತು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್ ಕಂಪನಿಯ ‘ಹೆಲ್‌ಕ್ಯಾಟ್’ 11 ಗುಂಡಿನೊಂದಿಗೆ ಬಂತು. ಬೇಸಿಗೆಯ ಅಂಗಿಯ ಅಡಿಯಲ್ಲೂ ಕಾಣದ ಪಿಸ್ತೂಲು ಇದು. ಯಾವ ಅಳತೆಯ ಗುಂಡು ಎಂಬ ಹಳೆಯ ಜಗಳವೂ ಹೆಚ್ಚುಕಡಿಮೆ ಮುಗಿದಿದೆ. 1986ರ ಮಯಾಮಿ ಕಾಳಗದ ನಂತರ ದೊಡ್ಡ ಗುಂಡಿನ ಹಿಂದೆ ಹೋಗಿದ್ದ ಎಫ್‌ಬಿಐ ಕೂಡ ಒಂದು ದಶಕದ ಹಿಂದೆ 9 ಎಂ.ಎಂ.ಗೆ ಮರಳಿತು.

ಸಣ್ಣದಾದಷ್ಟೂ ಅನುಕೂಲ ಎಂದು ತೋರಬಹುದು. ಹಾಗಿಲ್ಲ. ಹಗುರವಾದ ಪಿಸ್ತೂಲು ಕೈಯನ್ನು ಹೆಚ್ಚು ಒದೆಯುತ್ತದೆ, ಗಿಡ್ಡ ನಳಿಗೆಯಲ್ಲಿ ಗುರಿ ಹಿಡಿಯುವುದು ಕಷ್ಟ, ಅಭ್ಯಾಸಕ್ಕೆ ಮನಸ್ಸಾಗುವುದಿಲ್ಲ. ಅಭ್ಯಾಸವಿದ್ದವರ ಗತಿಯನ್ನೇ ನೋಡಿ. ನ್ಯೂಯಾರ್ಕ್ ಪೊಲೀಸರ ಕುರಿತು ರ‍್ಯಾಂಡ್ ಸಂಸ್ಥೆ 2008ರಲ್ಲಿ ನೀಡಿದ ವರದಿಯ ಪ್ರಕಾರ ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರು ಹಾರಿಸಿದ ಗುಂಡುಗಳಲ್ಲಿ ತಗಲಿದ್ದು ಶೇಕಡಾ 18 ಮಾತ್ರ. ಉಳಿದ ಗುಂಡುಗಳು ಎಲ್ಲಿಗೆ ಹೋದವು? ಅಮೆರಿಕದ ಮನೆಯ ಒಳಗೋಡೆ ನಮ್ಮ ಮುರಕಲ್ಲಿನದಲ್ಲ. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. 9 ಎಂ.ಎಂ. ಗುಂಡು ಅದನ್ನು ದಾಟಿ ಮಕ್ಕಳು ಮಲಗಿರುವ ಪಕ್ಕದ ಕೋಣೆಗೆ ಹೋಗಬಲ್ಲದು.

ಪಿಸ್ತೂಲಿನ ಪರವಾಗಿ ಮಾತನಾಡುವವರು 2019ರ ಡಿಸೆಂಬರ್ 29ರ ಘಟನೆಯನ್ನು ಉದಾಹರಿಸುತ್ತಾರೆ. ಟೆಕ್ಸಾಸಿನ ವೈಟ್ ಸೆಟಲ್‌ಮೆಂಟ್ ಎಂಬಲ್ಲಿ ಭಾನುವಾರದ ಆರಾಧನೆಯ ಮಧ್ಯೆ ಎದ್ದು ಇಬ್ಬರನ್ನು ಕೊಂದವನನ್ನು ಅದೇ ಚರ್ಚಿನ ಸ್ವಯಂಸೇವಕರೊಬ್ಬರು ಒಂದೇ ಗುಂಡಿಗೆ ಉರುಳಿಸಿದರು. ಎಲ್ಲವೂ ಆರು ಸೆಕೆಂಡಿನಲ್ಲಿ ಮುಗಿಯಿತು. ಅವರಿಂದ ಇನ್ನಷ್ಟು ಜೀವಗಳು ಉಳಿದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವರು ಗುಂಡು ಹಾರಿಸುವುದನ್ನು ಇತರರಿಗೆ ಕಲಿಸುತ್ತಿದ್ದವರು, ಹಿಂದೆ ಪೊಲೀಸ್ ಪಡೆಯಲ್ಲಿ ಮೀಸಲು ಅಧಿಕಾರಿಯಾಗಿದ್ದವರು. ಅಂಗಡಿಯಲ್ಲಿ ಪಿಸ್ತೂಲು ಸಿಗುತ್ತದೆ, ಆ ಕೈ ಸಿಗುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಧರಿಸಲೂ ಮನೆ ಕಾಯಲೂ ಒಂದೇ ಸಾಕು ಎಂದು ಕಾಂಪ್ಯಾಕ್ಟ್ ಪಿಸ್ತೂಲನ್ನು ಮಾರುತ್ತಾರೆ. ಈ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧ. ಸೊಂಟದಲ್ಲಿರುವ ಪಿಸ್ತೂಲು ಗುಂಡು ತುಂಬಿ ಸಿದ್ಧವಾಗಿರಬೇಕು. ಮನೆಗೆ ಬಂದ ಕ್ಷಣದಿಂದ ಅದೇ ಪಿಸ್ತೂಲು ಮಕ್ಕಳಿಂದ, ಮನಸ್ಸು ಕೆಟ್ಟವರಿಂದ ದೂರ, ಬೀಗದೊಳಗೆ ಇರಬೇಕು. ಇಂದಿನ ಬಹುತೇಕ ಮಾದರಿಗಳಲ್ಲಿ ಕೈಯಿಂದ ಒತ್ತುವ ಸೇಫ್ಟಿ ಕೀಲಿಯೂ ಇಲ್ಲ. ಟ್ರಿಗರ್ ಎಳೆದರೆ ಸಿಡಿಯುತ್ತದೆ. ಮ್ಯಾಗಜೀನ್ ಹೊರತೆಗೆದರೂ ನಳಿಗೆಯ ಬುಡದಲ್ಲಿ ಒಂದು ತೋಟೆ ಉಳಿದಿರುತ್ತದೆ. ಖಾಲಿ ಎಂದುಕೊಂಡ ಪಿಸ್ತೂಲಿನಿಂದ ಸತ್ತವರ ಕಥೆಗಳಲ್ಲಿ ಬಹಳಷ್ಟು ಇದೇ ಕಥೆ. ರಾತ್ರಿ ಸುಸ್ತಾಗಿ ಬಂದು, ಸೊಂಟದಿಂದ ತೆಗೆದು, ಮಂಚದ ಪಕ್ಕದ ಡ್ರಾಯರಿನಲ್ಲಿ ಇಟ್ಟು ಮಲಗುವ ಆ ಒಂದು ನಿಮಿಷದಲ್ಲೇ ಅಪಾಯ ಮನೆಯೊಳಗೆ ಬರುತ್ತದೆ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅದರಲ್ಲಿ ಸುಮಾರು 27,300 ಆತ್ಮಹತ್ಯೆಗಳು. ಕೊಲೆಗಳಿಗಿಂತ ಇವೇ ಹೆಚ್ಚು. ಬಂದೂಕಿನಿಂದ ಆತ್ಮಹತ್ಯೆಗೆ ಯತ್ನಿಸಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಬದುಕುವುದಿಲ್ಲ, ಮನಸ್ಸು ಬದಲಾಯಿಸಲು ಅವಕಾಶವೇ ಇರುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರು 2022ರಲ್ಲಿ ಪ್ರಕಟಿಸಿದಂತೆ, ಪಿಸ್ತೂಲು ಇಟ್ಟುಕೊಂಡವರ ಜತೆ ವಾಸಿಸುವವರು ಕೊಲೆಯಾಗುವ ಪ್ರಮಾಣ ಪಿಸ್ತೂಲಿಲ್ಲದ ಮನೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಪಿಸ್ತೂಲಿನಿಂದ ತಪ್ಪಿಹೋದ ಅಪರಾಧಗಳೂ ಇವೆಯಲ್ಲ ಎಂದು ಕೇಳಬಹುದು. ಇವೆ. ಆದರೆ ಅವುಗಳ ಅಂದಾಜು ವರ್ಷಕ್ಕೆ ಒಂದು ಲಕ್ಷದೊಳಗಿನಿಂದ ಹಿಡಿದು 25 ಲಕ್ಷದವರೆಗೆ ಓಲಾಡುತ್ತದೆ. ಅಷ್ಟು ಅಂತರವಿರುವ ಲೆಕ್ಕವನ್ನು ಆಧರಿಸಿ ಮನೆ ಕಟ್ಟಲಾಗದು.

ಆದ್ದರಿಂದ ಯಾವ ಪಿಸ್ತೂಲು ಎಂದು ಕೇಳುವ ಮೊದಲು ಆ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಬೇಕು. ಖಿನ್ನತೆಯಿಂದ ಬಳಲುವವರು, ಕುಡಿದು ಜಗಳವಾಡುವವರು, ಪರೀಕ್ಷೆಯಲ್ಲಿ ಸೋತು ಬಾಗಿಲು ಹಾಕಿಕೊಳ್ಳುವ ವಯಸ್ಸಿನ ಮಕ್ಕಳು ಇದ್ದರೆ ನಮ್ಮ ಉತ್ತರ ಬೇಡ ಎಂಬುದೇ. ಮೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡಲೇಬೇಕಾದವರ ಸ್ಥಿತಿ ಬೇರೆ. ದೂರದಲ್ಲಿ ಕುಳಿತು ಅವರಿಗೆ ಬುದ್ಧಿ ಹೇಳುವುದು ಸುಲಭ. ಬೇಕೇಬೇಕು ಎನ್ನುವವರು ಅತಿ ಸಣ್ಣದರ ಮೋಹ ಬಿಟ್ಟು ಕೈಗೆ ಒಗ್ಗುವ ಸ್ವಲ್ಪ ದೊಡ್ಡದನ್ನು, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯನ್ನು ಆರಿಸಲಿ. ಪಿಸ್ತೂಲು ಕೊಂಡ ದಿನವೇ ಗೋಡೆಗೋ ಮಂಚಕ್ಕೋ ಬಿಗಿಯುವ ಬೀಗದ ಪೆಟ್ಟಿಗೆಯನ್ನೂ ಕೊಳ್ಳಲಿ. ಅದಕ್ಕೆ ಹಣವಿಲ್ಲದಿದ್ದರೆ ಪಿಸ್ತೂಲಿಗೂ ಹಣವಿಲ್ಲ ಎಂದೇ ತಿಳಿಯಬೇಕು.

ನಮ್ಮ ಹೆತ್ತವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಹೋದವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಬೇಟೆಯ ಪರವಾನಗಿ ಇರುವಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ರಾಜ್ಯ ಎಷ್ಟೇ ಉದಾರವಾಗಿದ್ದರೂ ಇದು ಬದಲಾಗದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಕಾಲೇಜಿನಿಂದ ಹೊರಬಿದ್ದು ವೀಸಾ ಕಳೆದುಕೊಂಡಿದ್ದ ವಿದೇಶಿ ವಿದ್ಯಾರ್ಥಿಯೊಬ್ಬ ಫ್ಲೋರಿಡಾದ ಅಭ್ಯಾಸ ರೇಂಜಿನಲ್ಲಿ ಗುಂಡು ಹಾರಿಸಿದ್ದಕ್ಕೇ ಮೊಕದ್ದಮೆ ಹೂಡಲಾಯಿತು. ಅದು 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರಿಂದ ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಸೆರೆವಾಸ. ರಜೆಗೆ ಬರುವ ಮಗನನ್ನು ಕೇಳುವಾಗ ಈ ಮಾತನ್ನೂ ಕೇಳಿ: ಗೆಳೆಯರು ರೇಂಜಿಗೆ ಕರೆದರೆ ನೀನು ಹೋಗುತ್ತೀಯಾ, ನಿನ್ನ ವೀಸಾ ಯಾವುದು?