ಏಳನೇ ಇಯತ್ತೆ ಮುಗಿಯುವ ತನಕ ನಮ್ಮ ಹುಡುಗಿಯರನ್ನು ಊರಲ್ಲಿ ಉಳಿಸಿಕೊಡಿ

ಸಾಂಗ್ಲಿಯ ಮಾನ್ಯ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಜತ್ತ ತಾಲೂಕಿನಿಂದ ಒಂದು ಅರ್ಜಿ.

ಇದೇ ಅರ್ಜಿಯನ್ನು ಮರಾಠಿಯಲ್ಲಿ ಬರೆದು ಕಚೇರಿಗೆ ಕೊಟ್ಟು ಸಿಕ್ಕಾ ಹಾಕಿಸಿಕೊಂಡಿದ್ದೇನೆ. ಕನ್ನಡದಲ್ಲಿ ಮತ್ತೆ ಬರೆಯುತ್ತಿರುವುದು ನಮ್ಮ ಊರಿನವರೂ ಓದಲಿ ಎಂದು.

ಮಹಾರಾಷ್ಟ್ರದ ಪಂಚಾಯತಿಗಳಲ್ಲಿ 2011ರಿಂದ ಅರ್ಧ ಜಾಗ ಹೆಂಗಸರದು. 2017ರಲ್ಲಿ ಇನ್ನೊಂದು ನಿಯಮ ಬಂತು: 1995ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸರಪಂಚರಾಗಬೇಕಾದರೆ ಏಳನೇ ಇಯತ್ತೆ ಪಾಸಾಗಿರಬೇಕು. ಈ ನಿಯಮ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಕೆಲವರು ಕೇಳುತ್ತಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಈ ಭಾಗದ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಓದು ಬಾರದ ಸದಸ್ಯೆಯ ಹೆಬ್ಬೆಟ್ಟು ಯಾರ ಕೆಲಸಕ್ಕೆ ಬರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಕುರ್ಚಿ ಅವಳದು, ಮಾತು ಗಂಡನದು, ಠರಾವು ಬರೆಸಿದವರು ಮತ್ಯಾರೋ.

ನನ್ನ ಹತ್ತಿರ ಕಲಿತ ಒಬ್ಬ ಲಮಾಣಿ ಹುಡುಗಿ ಹತ್ತನೆಯ ತನಕ ಓದಿದಳು. ಮದುವೆಯಾಗಿ ಹೋದ ಊರಿನಲ್ಲಿ ಪಂಚಾಯತಿ ಸದಸ್ಯೆಯಾದಳು. ಮೊದಮೊದಲು ಮಾಸಿಕ ಸಭೆಯಲ್ಲಿ ಅವಳಿಗೆ ಬಾಗಿಲ ಹತ್ತಿರದ ಜಾಗ. ಚಹಾದ ಕಪ್ಪು ಕೂಡ ಬೇರೆ. ಒಮ್ಮೆ ಸಹಿಗೆಂದು ಠರಾವಿನ ಪುಸ್ತಕ ಮುಂದೆ ಬಂದಾಗ ಓದಿ ನೋಡುತ್ತಾಳೆ, ಲಮಾಣಿಗಳ ತಾಂಡಾದ ರಸ್ತೆಗೆ ಖಡಿ ಹಾಕಿದ್ದು ಮುಗಿದಿದೆ ಎಂದು ಬರೆದಿದೆ. ರಸ್ತೆಯಲ್ಲಿ ಖಡಿಯ ಹರಳೂ ಇರಲಿಲ್ಲ. ಸಹಿ ಹಾಕಲಿಲ್ಲ, ಅಷ್ಟೇ. ಮುಂದಿನ ಸಭೆಗೆ ಅವಳ ಕುರ್ಚಿ ಮೇಜಿನ ಪಕ್ಕಕ್ಕೆ ಬಂತು. ಆಕೆ ಅಲ್ಲಿ ಭಾಷಣ ಮಾಡಿರಲಿಲ್ಲ, ಓದಿದ್ದಳು.

ತಾಂಡಾದಿಂದ ದೊಡ್ಡವರಾದವರಿಲ್ಲ ಎಂದಲ್ಲ. ವಸಂತರಾವ ನಾಯಕರು 1963ರಿಂದ 1975ರವರೆಗೆ ಇದೇ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಕರ್ನಾಟಕದ ಕಡೂರು ಸೀಮೆಯ ತಾಂಡಾದಲ್ಲಿ ಹುಟ್ಟಿದ ಬಿ.ಟಿ. ಲಲಿತಾ ನಾಯಕರು ಲೇಖಕಿಯಾಗಿ, ಶಾಸಕಿಯಾಗಿ, ಸಚಿವೆಯಾಗಿ ಹೆಸರು ಮಾಡಿದರು. ನಮ್ಮ ದರಿಬಡಚಿ, ಉಟಗಿ ಕಡೆಯ ತಾಂಡಾಗಳ ಹುಡುಗಿಗೆ ಅಷ್ಟು ದೂರದ ಮಾತು ಬೇಡ. ಏಳನೆಯದು ಮುಗಿದರೆ ಸಾಕು. ಅದೇ ಮುಗಿಯುತ್ತಿಲ್ಲ.

ಯಾಕೆಂದರೆ ಕಬ್ಬು. ಜತ್ತ ಬರದ ನಾಡು. ಮ್ಹೈಸಾಳ ನೀರಾವರಿಯ ನೀರಿಗಾಗಿ ಪೂರ್ವ ಭಾಗದ ಊರುಗಳು ಕಾದ ಕಥೆ ತಮಗೆ ಹೊಸದಲ್ಲ. ಮಳೆಗಾಲಕ್ಕೆ ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಉಚಲ, ಅಂದರೆ ಮುಂಗಡ, ಕೊಡುತ್ತಾನೆ, ದೀಪಾವಳಿಯ ಆಸುಪಾಸಿಗೆ ಕಬ್ಬು ಕಡಿಯಲು ಗಾಡಿ ಹೊರಡುತ್ತದೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂಬ ಲೆಕ್ಕ. ಆ ಲೆಕ್ಕದಲ್ಲಿ ಹತ್ತು ವರ್ಷದ ಮಗಳ ಹೆಸರಿಲ್ಲ, ಕೆಲಸ ಮಾತ್ರ ಇದೆ: ಕೂಸನ್ನು ಎತ್ತಿಕೊಳ್ಳಬೇಕು, ನೀರು ತರಬೇಕು, ನಸುಕಿನಲ್ಲಿ ರೊಟ್ಟಿ ಬಡಿಯಬೇಕು. ಅಣ್ಣನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ, ಅವಳನ್ನು ಕರೆದೊಯ್ಯುತ್ತಾರೆ. ಮಾರ್ಚ್, ಏಪ್ರಿಲ್‌ಗೆ ತಿರುಗಿ ಬರುವಾಗ ವರ್ಷದ ಪಾಠ ಮುಗಿದಿರುತ್ತದೆ. ಫೇಲು ಮಾಡುವಂತಿಲ್ಲ ಎಂಬ ಕಾನೂನಿನ ದಯೆಯಿಂದ ಕೆಲವರು ಹಾಜರಾತಿ ಪುಸ್ತಕದಲ್ಲಷ್ಟೇ ಮೇಲಕ್ಕೆ ಹೋದದ್ದೂ ಉಂಟು. ಅಂಥ ಪಾಸಿನಿಂದ ಠರಾವು ಓದಲಾಗದು.

ಇದಕ್ಕೆ ಮದ್ದು ಸರಕಾರದ ಕಡತದಲ್ಲೇ ಇದೆ. ವಲಸೆ ಹೋಗುವವರ ಮಕ್ಕಳಿಗೆ ಹಂಗಾಮಿ ವಸತಿಗೃಹ ಎಂಬ ಯೋಜನೆ ಇದೆ. ಕಬ್ಬು ಕಡಿಯುವವರ ಮಕ್ಕಳಿಗೆಂದು ಸಂತ ಭಗವಾನಬಾಬಾ ಹೆಸರಿನ ವಸತಿಗೃಹಗಳನ್ನು 2021ರಲ್ಲಿ ಸರಕಾರವೇ ಘೋಷಿಸಿತು. ನಾವು ಕೇಳುವುದು ನಮ್ಮ ತಾಲೂಕಿನ ಸಂಖ ಅಥವಾ ಉಮದಿಯಲ್ಲಿ ಹುಡುಗಿಯರಿಗಾಗಿಯೇ ಒಂದು. ಅದರ ಮಂಜೂರಾತಿ ಗಾಡಿ ಹೊರಡುವ ಮೊದಲೇ ಬರಬೇಕು. ರಾತ್ರಿ ಅಲ್ಲೇ ಇರುವ ಒಬ್ಬ ಹೆಣ್ಣು ಅಧೀಕ್ಷಕಿ ಇಲ್ಲದಿದ್ದರೆ ಯಾವ ತಾಯಿಯೂ ಮಗಳನ್ನು ಬಿಟ್ಟು ಹೋಗುವುದಿಲ್ಲ. ಊಟದ ಮಾತನ್ನೂ ಹೇಳಲೇಬೇಕು: 2023ರಲ್ಲಿ ಉಮದಿಯ ಆಶ್ರಮಶಾಲೆಯ ಮಕ್ಕಳು ವಿಷಾಹಾರದಿಂದ ಆಸ್ಪತ್ರೆ ಸೇರಿದ್ದನ್ನು ತಾಂಡಾದವರು ಇನ್ನೂ ಮರೆತಿಲ್ಲ.

ಭಾಷೆಯದು ಬೇರೆಯೇ ಗೋಳು. ಈ ಹುಡುಗಿಗೆ ಮನೆಯಲ್ಲಿ ಲಮಾಣಿ ಮಾತು, ಶಾಲೆಯಲ್ಲಿ ಕನ್ನಡ, ಪಂಚಾಯತಿಯಲ್ಲಿ ಮರಾಠಿ. ಮಕ್ಕಳಿಗೆ ಇದು ಭಾರವೇನಲ್ಲ, ಕಲಿಸುವವರಿದ್ದರೆ ಮೂರನ್ನೂ ಕಲಿಯುತ್ತಾರೆ. ಆದರೆ 2024ರಲ್ಲಿ ನಮ್ಮ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದಿರಿ. ಅವರಿಗೆ ಕನ್ನಡ ಬಾರದು, ಮಕ್ಕಳಿಗೆ ಗಣಿತ ಮರಾಠಿಯಲ್ಲಿ ತಿಳಿಯದು. ಸಂವಿಧಾನದ 350ಎ ವಿಧಿ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಏನು ಹೇಳುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಪಾಠಕ್ಕೆ ಕನ್ನಡದ ಶಿಕ್ಷಕರನ್ನು ಕೊಡಿ, ಮರಾಠಿ ಕಲಿಸಲು ಮರಾಠಿಯವರನ್ನು ಕೊಡಿ. ಎರಡೂ ಬೇಕು.

ಇಷ್ಟಾಗಿ ಓದಿ ಮುಗಿಸಿದವಳೂ ಮೀಸಲು ಜಾಗಕ್ಕೆ ನಿಲ್ಲಬೇಕೆಂದರೆ ಜಾತಿ ವ್ಯಾಲಿಡಿಟಿ ಪ್ರಮಾಣಪತ್ರ ಕೇಳುತ್ತಾರೆ. ಲಮಾಣಿಗಳಂಥ ವಿಮುಕ್ತ ಜಾತಿಯವರು 1961ರ ನವೆಂಬರ್ 21ಕ್ಕಿಂತ ಹಿಂದಿನ ಪುರಾವೆ ತೋರಿಸಬೇಕು. ಎಲ್ಲಕ್ಕಿಂತ ಗಟ್ಟಿ ಪುರಾವೆ ಅಜ್ಜನ ಶಾಲೆಯ ದಾಖಲೆ. ಅಪರಾಧಿ ಬುಡಕಟ್ಟು ಎಂಬ ಕಾನೂನು ವಿಮುಕ್ತರ ಮೇಲಿಂದ ದೇಶದಾದ್ಯಂತ ಹೋದದ್ದೇ 1952ರಲ್ಲಿ. ಆ ಅಜ್ಜ ಯಾವ ಶಾಲೆಗೆ ಹೋಗಿರಬೇಕಿತ್ತು? ಅವನು ಓದಲಿಲ್ಲವೆಂದು ಓದಿದ ಮೊಮ್ಮಗಳನ್ನು ತಡೆಯುವುದು ಯಾವ ನ್ಯಾಯ, ಸಾಹೇಬರೇ? ಶಾಲೆಯ ಕಾಗದವಿಲ್ಲದ ಕಡೆ ತಾಂಡಾಕ್ಕೇ ಬಂದು ವಿಚಾರಣೆ ಮಾಡಿ, ಹಳೆಯ ತಲಾಠಿ ದಫ್ತರ ತೆಗೆಸಿ ನೋಡಿ. ಇಂಡಿ, ವಿಜಯಪುರದ ಕಡೆಯಿಂದ ಸೊಸೆಯಾಗಿ ಬಂದವರ ಪಾಡು ಇನ್ನೂ ಬಿಗಿ: ಲಮಾಣಿಗಳು ಅಲ್ಲಿ ಪರಿಶಿಷ್ಟ ಜಾತಿ, ಇಲ್ಲಿ ವಿಮುಕ್ತ ಜಾತಿ. ತವರಿನ ಕಾಗದ ಇಲ್ಲಿ ನಡೆಯದು. ಇದನ್ನು ಬಿಡಿಸುವುದು ತಮ್ಮ ಕೈಯಲ್ಲಿಲ್ಲ; ಮೇಲಕ್ಕೆ ಬರೆದು ಕಳಿಸುವುದು ತಮ್ಮ ಕೈಯಲ್ಲಿದೆ.

ಈ ಸಲದ ಹಂಗಾಮಿಗೆ ಮುಂಚೆ ವಸತಿಗೃಹದ ಆದೇಶ ಹೊರಡಲಿ. ಅದರ ಪ್ರತಿಯನ್ನು ಕನ್ನಡದಲ್ಲೂ ಬರೆಸಿ ಪ್ರತಿ ತಾಂಡಾದ ಶಾಲೆಯ ಗೋಡೆಗೆ ಹಚ್ಚಿಸಿ. ಮುಕಾದಮ ಉಚಲ ಹಿಡಿದು ಮನೆಗೆ ಬರುವ ಮೊದಲೇ ತಾಯಂದಿರ ಕಣ್ಣಿಗೆ ಅದು ಬೀಳಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ,
ಜತ್ತ ತಾಲೂಕು, ಪೂರ್ವ ಭಾಗ