ಲೊರೇನ್ ಹ್ಯಾನ್ಸ್‌ಬರಿ: ಒಂದು ಮನೆಯ ಕಥೆ, ನಮಗೊಂದು ಪಾಠ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಸ್ವಂತದ್ದೊಂದು ಸೂರು ಮಾಡಿಕೊಳ್ಳುವ ಆಸೆಯಿಂದಲೇ ನಮ್ಮಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟು ಈ ಗಲ್ಫ್ ನಾಡಿಗೆ ಬಂದಿವೆ. ಆದರೆ ಕೈಯಲ್ಲಿ ಹಣವಿದ್ದೂ, ಕಾಗದಪತ್ರ ಸರಿಯಿದ್ದೂ, ‘ನಿಮ್ಮ ಮೈಬಣ್ಣದವರಿಗೆ ಇಲ್ಲಿ ಜಾಗವಿಲ್ಲ’ ಎಂದರೆ ಹೇಗಿರುತ್ತದೆ? ಅಮೆರಿಕದ ಕಪ್ಪು ಜನಾಂಗದ ನಾಟಕಕಾರ್ತಿ, ಹೋರಾಟಗಾರ್ತಿ ಲೊರೇನ್ ಹ್ಯಾನ್ಸ್‌ಬರಿ ಬಾಲ್ಯದಲ್ಲೇ ಇದನ್ನು ಅನುಭವಿಸಿದವರು. ಅವರ ಹೆಸರನ್ನು ನಮ್ಮ ಮಕ್ಕಳು ರಸಪ್ರಶ್ನೆಯ ಒಂದು ಉತ್ತರವಾಗಿ ಮಾತ್ರ ಕಲಿತರೆ ಸಾಲದು ಎಂಬುದು ನಮ್ಮ ಅಭಿಪ್ರಾಯ.

ಲೊರೇನ್ ಹುಟ್ಟಿದ್ದು 1930ರ ಮೇ 19ರಂದು, ಶಿಕಾಗೋ ನಗರದಲ್ಲಿ. 1937ರಲ್ಲಿ ತಂದೆ ಕಾರ್ಲ್ ಬಿಳಿಯರೇ ವಾಸವಾಗಿದ್ದ ಬಡಾವಣೆಯೊಂದರಲ್ಲಿ ಮನೆ ಕೊಂಡರು. ಕಪ್ಪು ಜನರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಅಲ್ಲಿನ ಮಾಲೀಕರು ಕರಾರು ಬರೆದುಕೊಂಡಿದ್ದರು. ಮನೆಯ ಮುಂದೆ ಜನ ಗುಂಪುಗೂಡಿದರು. ಕಿಟಕಿಯಿಂದ ತೂರಿಬಂದ ಕಲ್ಲು ಪುಟ್ಟ ಲೊರೇನ್‌ಗೆ ತಗಲುವುದು ಸ್ವಲ್ಪದರಲ್ಲಿ ತಪ್ಪಿತು. ತಂದೆ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದರೆ, ತಾಯಿ ನ್ಯಾನಿ ರಾತ್ರಿ ಪಿಸ್ತೂಲು ಹಿಡಿದು ಮಕ್ಕಳನ್ನು ಕಾಯುತ್ತಿದ್ದರು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇವರ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅಂಥ ಕರಾರುಗಳೇ ಅನ್ಯಾಯವೆಂದು ಹೇಳಲಿಲ್ಲ. ನ್ಯಾಯಾಲಯಗಳು ಅವನ್ನು ಜಾರಿಗೊಳಿಸುವಂತಿಲ್ಲ ಎಂಬ ತೀರ್ಪು ಬಂದದ್ದು 1948ರಲ್ಲಿ. ಕಾರ್ಲ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ಲೊರೇನ್ ನ್ಯೂಯಾರ್ಕ್‌ಗೆ ಬಂದು, ಗಾಯಕ ಪಾಲ್ ರೋಬ್ಸನ್ ಅವರ ‘ಫ್ರೀಡಂ’ ಪತ್ರಿಕೆಯಲ್ಲಿ ದುಡಿದರು. 1959ರ ಮಾರ್ಚ್ 11ರಂದು ಅವರ ‘ಎ ರೈಸಿನ್ ಇನ್ ದ ಸನ್’ ನಾಟಕ ಬ್ರಾಡ್‌ವೇ ರಂಗಭೂಮಿಯನ್ನೇರಿತು. ಕಪ್ಪು ಮಹಿಳೆಯೊಬ್ಬರು ಬರೆದ ನಾಟಕ ಅಲ್ಲಿ ಪ್ರದರ್ಶನಗೊಂಡದ್ದು ಅದೇ ಮೊದಲು. ಒಟ್ಟು 530 ಪ್ರದರ್ಶನಗಳಾದವು.

ನಾಟಕದ ಕಥೆ ನಮಗೆ ಅಪರಿಚಿತವಲ್ಲ. ತೀರಿಕೊಂಡ ಯಜಮಾನನ ವಿಮೆಯ 10,000 ಡಾಲರ್ ಮನೆಗೆ ಬರುತ್ತದೆ. ತಾಯಿಗೆ ಮನೆ ಕೊಳ್ಳುವಾಸೆ, ಮಗ ವಾಲ್ಟರ್‌ಗೆ ವ್ಯಾಪಾರದ ಆಸೆ, ಮಗಳಿಗೆ ಡಾಕ್ಟರ್ ಓದುವಾಸೆ. ತಾಯಿ ಬಿಳಿಯರ ಬಡಾವಣೆಯಲ್ಲಿ ಮನೆಗೆ ಮುಂಗಡ ಕೊಡುತ್ತಾಳೆ. ಆಗ ಬಡಾವಣೆಯ ಪರವಾಗಿ ಲಿಂಡ್ನರ್ ಎಂಬಾತ ಬರುತ್ತಾನೆ. ಆತ ಬೈಯುವುದಿಲ್ಲ, ಕಲ್ಲು ಹೊಡೆಯುವುದಿಲ್ಲ. ‘ನಿಮ್ಮವರೊಂದಿಗೇ ಇದ್ದರೆ ನಿಮಗೇ ಒಳ್ಳೆಯದು’ ಎಂಬರ್ಥದಲ್ಲಿ ನಯವಾಗಿ ಮಾತಾಡಿ, ಮನೆ ಬಿಟ್ಟುಕೊಟ್ಟರೆ ಹೆಚ್ಚಿನ ಹಣ ಕೊಡುತ್ತೇವೆ ಎನ್ನುತ್ತಾನೆ. ಉಳಿದ ಹಣವನ್ನು ಮೋಸಗಾರನ ಕೈಗಿತ್ತು ಕಳೆದುಕೊಂಡ ವಾಲ್ಟರ್ ಇದಕ್ಕೆ ಒಪ್ಪಲು ಸಿದ್ಧನಾಗುತ್ತಾನೆ. ತಾಯಿ ಆಗ ಮೊಮ್ಮಗ ಟ್ರಾವಿಸ್‌ನನ್ನು ಅಲ್ಲೇ ನಿಲ್ಲಿಸಿ, ಅಪ್ಪ ಮಾಡುವುದನ್ನು ಅವನು ನೋಡಲಿ ಎನ್ನುತ್ತಾಳೆ. ಮಗನ ಕಣ್ಣೆದುರು ವಾಲ್ಟರ್‌ಗೆ ಮರ್ಯಾದೆ ಮಾರಲು ಸಾಧ್ಯವಾಗುವುದಿಲ್ಲ.

ಇದನ್ನು ಓದಿ, ‘ಪಾಪ, ಅಮೆರಿಕದಲ್ಲಿ ಹಾಗಿತ್ತು’ ಎಂದು ಮರುಗಿ ಸುಮ್ಮನಾಗುವುದು ಸುಲಭ. ನಮ್ಮೂರುಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಎದುರಾಗುವ ‘ನೀವು ಯಾವ ಜನ?’ ಎಂಬ ಪ್ರಶ್ನೆಯೂ ನಯವಾದದ್ದೇ. ಉತ್ತರ ಹಿಡಿಸದಿದ್ದರೆ ಮನೆ ‘ಆಗಲೇ ಕೊಟ್ಟಾಗಿದೆ’. ಕೇಳುವವರು ಕೆಟ್ಟವರಂತೆ ಕಾಣುವುದಿಲ್ಲ; ಲಿಂಡ್ನರ್ ಕೂಡ ಕಾಣುವುದಿಲ್ಲ. ಇಲ್ಲಿ ನೆರೆಹೊರೆಯ ಬೇರೆ ದೇಶದವರ ಬಣ್ಣ, ಊಟ, ಭಾಷೆಗಳ ಬಗ್ಗೆ ಊಟದ ಮೇಜಿನಲ್ಲಿ ನಾವಾಡುವ ಹಗುರ ಮಾತುಗಳೂ ಇದೇ ಜಾತಿಯವು. ಮಕ್ಕಳಿಗೆ ಇಂಥ ಕಹಿ ವಿಷಯ ಏಕೆ ಎಂದು ಕೆಲವು ಪೋಷಕರು ಕೇಳಬಹುದು. ಕಲ್ಲು ತೂರಿಬಂದಾಗ ಲೊರೇನ್ ಕೂಡ ಮಗುವೇ ಆಗಿದ್ದರು. ಅಲ್ಲದೆ ನಮ್ಮ ಪ್ರತಿ ಮನೆಯಲ್ಲೂ ಒಬ್ಬ ಟ್ರಾವಿಸ್ ನಿಂತು ನೋಡುತ್ತಿದ್ದಾನೆ.

ಹೆಸರು ಬಂದ ಮೇಲೂ ಲೊರೇನ್ ಸುಮ್ಮನೆ ಕೂರಲಿಲ್ಲ. 1963ರ ಮೇ ತಿಂಗಳಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರನ್ನು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಮೊದಲಾದವರೊಂದಿಗೆ ಭೇಟಿಯಾಗಿ, ಸರ್ಕಾರ ನೈತಿಕವಾಗಿ ತಮ್ಮ ಜನರೊಡನೆ ನಿಲ್ಲಬೇಕೆಂದು ಕೇಳಿದರು. ತೃಪ್ತಿಕರ ಉತ್ತರ ಸಿಗದಾಗ ಎದ್ದು ಹೊರನಡೆದರು. 1964ರಲ್ಲಿ ಕ್ಯಾನ್ಸರ್‌ನಿಂದ ಬಳಲುತ್ತಿದ್ದಾಗಲೂ ಸ್ಪರ್ಧೆಯಲ್ಲಿ ಗೆದ್ದ ಎಳೆಯ ಬರಹಗಾರರ ಮುಂದೆ ನಿಂತು, ತಮ್ಮ ಜನರ ಕಥೆ ಬರೆಯುವಂತೆ ಹುರಿದುಂಬಿಸಿದರು. 1965ರ ಜನವರಿ 12ರಂದು ಕಣ್ಣುಮುಚ್ಚಿದಾಗ ಅವರಿಗೆ ಕೇವಲ 34 ವರ್ಷ.

ವಿದ್ಯಾರ್ಥಿಗಳೇ, ಲೊರೇನ್ ನಾಟಕಕ್ಕೆ ವಸ್ತು ಹುಡುಕಿದ್ದು ತಾವು ಬೆಳೆದ ಊರಿನಲ್ಲಿ, ತಮ್ಮ ಮನೆಯವರು ಪಟ್ಟ ಪಾಡಿನಲ್ಲಿ. ಮುಂದಿನ ವಾರ್ಷಿಕೋತ್ಸವಕ್ಕೆ ರಾಜರಾಣಿಯರ ನಾಟಕದ ಜೊತೆಗೆ ನಿಮ್ಮದೇ ಮನೆಯ, ನಿಮ್ಮದೇ ಕಟ್ಟಡದ ಕಥೆಯೊಂದನ್ನು ಕನ್ನಡದಲ್ಲಿ ಬರೆದು ತನ್ನಿ. ತಪ್ಪಿದ ಒತ್ತಕ್ಷರ ತಿದ್ದಲು ನಾವಿದ್ದೇವೆ. ಕಂಡದ್ದನ್ನು ಕಂಡಂತೆ ಬರೆಯಬೇಕಾದವರು ನೀವು.