ಕಾಂಪಿಟಿಷನ್‌ಗೆ ಹೋಗಲ್ಲ ಅಂದ್ರೆ ಯಾಕೆ ಬರ್ತೀರಾ?

ಈ ಪ್ರಶ್ನೆ ಕೇಳಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ನಾನು ವುಶು ಕ್ಲಾಸಿಗೆ ಸೇರಿ ಆಗ ಮೂರು ವಾರ ಆಗಿತ್ತು. ವುಶುನಲ್ಲಿ ಪುಬು ಅಂತ ಒಂದು ಭಂಗಿ ಇದೆ. ಒಂದು ಕಾಲಿನ ಮೇಲೆ ಪೂರ್ತಿ ಕುಕ್ಕರುಗಾಲಲ್ಲಿ ಕೂತು, ಇನ್ನೊಂದು ಕಾಲನ್ನು ನೆಲಕ್ಕೆ ಹತ್ತಿರ ಪಕ್ಕಕ್ಕೆ ಚಾಚಬೇಕು. ನಾನು ಕೂತೆ, ಹಾಗೇ ಹಿಂದಕ್ಕೆ ಉರುಳಿದೆ. ಅವಳು ನಗಲಿಲ್ಲ. ಕೈ ಕೊಟ್ಟು ಎಬ್ಬಿಸಿ, "ಅಣ್ಣಾ, ನೀವು ಕಾಂಪಿಟಿಷನ್‌ಗೆ ಹೋಗಲ್ವಲ್ಲ, ಮತ್ತೆ ಯಾಕೆ ಬರ್ತೀರಾ?" ಅಂದಳು. ಕಿಚಾಯಿಸೋಕೆ ಕೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ಅರ್ಥ ಆಗಿರಲಿಲ್ಲ.

"ಸುಮ್ನೆ, ಫಿಟ್‌ನೆಸ್‌ಗೆ" ಅಂದೆ. ಅದು ಸುಳ್ಳು. ಫಿಟ್‌ನೆಸ್ ಬೇಕಿದ್ದರೆ ಪಿಜಿ ಪಕ್ಕದಲ್ಲೇ ಜಿಮ್ ಇದೆ. ಸರಿಯಾದ ಉತ್ತರ ಏನು ಅಂತ ಆಗಿನಿಂದ ಯೋಚಿಸ್ತಾ ಇದ್ದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಚೀನಾದ ಹಳೆಯ ಸಮರಕಲೆಗಳನ್ನು 1950ರ ದಶಕದಿಂದ ಈಚೆಗೆ ಕ್ರೀಡೆಯ ಚೌಕಟ್ಟಿಗೆ ತಂದ ರೂಪವೇ ಇವತ್ತಿನ ವುಶು. ಅದರಲ್ಲಿ ಎರಡು ಭಾಗ. ಸಾಂಡಾ ಅಂದರೆ ಎದುರಾಳಿ ಜೊತೆ ನಿಜವಾದ ಫೈಟ್. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಣಿಪುರದ ರೋಶಿಬಿನಾ ದೇವಿ ಬೆಳ್ಳಿ ಗೆದ್ದಿದ್ದು ಅದರಲ್ಲಿ. ತಾವ್ಲು ಅಂದರೆ ಒಬ್ಬರೇ ಮಾಡಿ ತೋರಿಸುವ ಚಲನೆಗಳ ಸರಣಿ. ನಾನು ಕಲೀತಿರೋದು ಇದನ್ನ. 14 ಮೀಟರ್ ಉದ್ದ, 8 ಮೀಟರ್ ಅಗಲದ ಕಾರ್ಪೆಟ್ ಮೇಲೆ ಕನಿಷ್ಠ 1 ನಿಮಿಷ 20 ಸೆಕೆಂಡ್ ನಿಲ್ಲದೆ ಮಾಡಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಒಟ್ಟು 10 ಅಂಕ: ಚಲನೆಯ ಗುಣಮಟ್ಟಕ್ಕೆ 5, ಒಟ್ಟಾರೆ ಪ್ರದರ್ಶನಕ್ಕೆ 3, ಕಷ್ಟದ ಜಿಗಿತಗಳಿಗೆ 2. ಯೂಟ್ಯೂಬ್‌ನಲ್ಲಿ ನಾವು ಬಾಯಿ ಬಿಟ್ಟು ನೋಡ್ತೀವಲ್ಲ, ಗಾಳಿಯಲ್ಲೇ ಎರಡು ಸುತ್ತು ತಿರುಗಿ ಒದೆಯೋದು, ಅದೆಲ್ಲ ಆ 2 ಅಂಕದ ಒಳಗೆ. ಅರ್ಧ ಅಂಕ ಇರೋದು ಮಂಡಿ ಎಲ್ಲಿದೆ, ಬೆನ್ನು ನೆಟ್ಟಗಿದೆಯಾ, ಪಾದ ಅಲುಗಿತಾ ಅನ್ನೋದರಲ್ಲಿ.

ಈ ಆಟದಲ್ಲಿ ಹತ್ತೊಂಬತ್ತು ಅಂದರೆ ಮುದುಕ. ಜೆಟ್ ಲೀ ಬೀಜಿಂಗ್‌ನ ಶಿಚಾಹಾಯ್ ಕ್ರೀಡಾ ಶಾಲೆಯಲ್ಲಿ ವುಶು ಶುರು ಮಾಡಿದ್ದು ಎಂಟನೇ ವಯಸ್ಸಿನಲ್ಲಿ. ಹದಿಹರೆಯದಲ್ಲೇ ಹಲವು ಸಲ ಚೀನಾದ ಚಾಂಪಿಯನ್ ಆದರು. 1982ರಲ್ಲಿ ಅವರ 'ಶಾವೊಲಿನ್ ಟೆಂಪಲ್' ಸಿನಿಮಾ ಬಂದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ನಾನು ಆ ವಯಸ್ಸಿಗೆ ಹಿಂದಕ್ಕೆ ಉರುಳ್ತಾ ಇದ್ದೆ.

ನಮ್ಮ ಕ್ಲಾಸಿನಲ್ಲಿ ದೊಡ್ಡವರಿಗೆ ಅಂತಲೇ ಭಾನುವಾರದ ಬ್ಯಾಚ್ ಇದೆ. ಮೊದಲು ಅಲ್ಲಿಗೇ ಹೋಗ್ತಿದ್ದೆ. ಆರಾಮಾಗಿತ್ತು. ಯಾರ ಕಾಲೂ ಬಗ್ಗಲ್ಲ, "ನಮ್ಮ ವಯಸ್ಸಿಗೆ ಇಷ್ಟೇ ಬಿಡಿ" ಅಂತ ಎಲ್ಲರೂ ಒಪ್ಪಿಕೊಂಡಾಗಿತ್ತು. ಲ್ಯಾಬ್ ಟೈಮಿಂಗ್ ಬದಲಾಗಿದ್ದರಿಂದ ಸ್ಪರ್ಧೆಗೆ ಹೋಗುವ ಮಕ್ಕಳ ಸಂಜೆ ಬ್ಯಾಚಿಗೆ ಬಂದೆ. ಅಲ್ಲಿ ನೋಡಿದರೆ, ಐದು ವರ್ಷದಿಂದ ಕಲೀತಿರೋ, ನ್ಯಾಷನಲ್ಸ್‌ಗೆ ಹೋಗಿ ಬಂದಿರೋ ಹುಡುಗಿ ದಿನಾ ಮೊದಲ ಮುಕ್ಕಾಲು ಗಂಟೆ ಮಾಡೋದು ನಾನು ಮಾಡುವ ಅದೇ ಮಾಬು, ಅದೇ ಗೊಂಗ್‌ಬು. ಬೇಸಿಕ್ಸ್ ಅಂದರೆ ಮುಗಿಸಿ ಮುಂದೆ ಹೋಗೋ ಮಾಡ್ಯೂಲ್ ಒನ್ ಅಂತ ಅಂದುಕೊಂಡಿದ್ದೆ. ಸರ್ ಹತ್ತು ಸಲ ಹೇಳಿದ್ದರೂ ತಲೆಗೆ ಹೋಗದ ವಿಷಯ, ಅವಳ ಪಕ್ಕದಲ್ಲಿ ನಿಂತ ಒಂದೇ ಸಂಜೆಗೆ ಹೋಯಿತು. ಅದಕ್ಕೇ ಹೇಳ್ತೀನಿ, ಕಲಿಯೋದಾದರೆ ನಮಗಿಂತ ತುಂಬಾ ಚೆನ್ನಾಗಿ ಮಾಡುವವರ ಜೊತೆಯಲ್ಲೇ ಕಲೀಬೇಕು. ಅವರು ಚಿಕ್ಕವರಾದರೂ ಸರಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಲಿಂಕ್ಡ್‌ಇನ್ ಪೋಸ್ಟ್ ಆಗ್ತಿತ್ತು. 'ಮಕ್ಕಳಿಂದ ನಾನು ಕಲಿತ ವಿನಯದ ಪಾಠ' ಅಂತ. ಆದರೆ ಮಕ್ಕಳು ಅಲ್ಲಿಗೆ ಬರೋದು ನನಗೆ ಪಾಠ ಆಗೋಕಲ್ಲ. ರಾಜ್ಯ ತಂಡದ ಆಯ್ಕೆಗೆ ಎರಡು ವಾರ ಇದ್ದಾಗ ಆ ಹುಡುಗಿಯ ಪಾದ ಮಡಚಿಕೊಂಡಿತು. ಅದೇ ತಿಂಗಳು ನನಗೆ ಮಂಡಿ ನೋವು. ನಾನು ಹತ್ತು ದಿನ ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಅವಳು ಮೂರನೇ ದಿನಕ್ಕೇ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಬಂದಿದ್ದಳಂತೆ. ಸರ್ ಬೈದು ಮನೆಗೆ ಕಳಿಸಿದರು. ಆ ವರ್ಷದ ಆಯ್ಕೆ ತಪ್ಪಿತು. ಅವಳಿಗೆ ಒಂದು ವರ್ಷ ಹೋಯಿತು, ನನಗೆ ಹತ್ತು ದಿನ. ಇಬ್ಬರೂ ಒಂದೇ ಕಾರ್ಪೆಟ್ ಮೇಲೆ ಇದ್ದ ಮಾತ್ರಕ್ಕೆ ಇಬ್ಬರೂ ಒಂದೇ ಕೆಲಸ ಮಾಡ್ತಿದ್ದೀವಿ ಅಂತ ಅಲ್ಲ. ಕೆಟ್ಟದಾಗಿ ಮಾಡೋಕೂ ಬಿಡುವು ಇರೋದು ನನಗೆ ಮಾತ್ರ.

ಹಾಗಾಗಿ ನನ್ನಂಥವರಿಗೆ ಕೆಲವು ನಿಯಮ ಇರಬೇಕು. ಸ್ಪರ್ಧೆ ಹತ್ತಿರ ಇದ್ದಾಗ ಕಾರ್ಪೆಟ್ ಅವರದ್ದು, ನಾವು ಗೋಡೆ ಪಕ್ಕ. ಸರ್ ಸಮಯ ಮೊದಲು ಅವರಿಗೆ. ಹಾಗಂತ "ನಾನು ಹಾಬಿಗೆ ಬರೋದು" ಅಂತ ಅರ್ಧಂಬರ್ಧ ಮಾಡಿ ಅವರ ಲಯ ಕೆಡಿಸೋ ಹಾಗೂ ಇಲ್ಲ.

ಇಷ್ಟೆಲ್ಲ ಬರೆದಿದ್ದು ನಮ್ಮ ಕ್ಯಾಂಪಸ್ ವಿಷಯಕ್ಕೆ ಬರೋಕೆ. ಇಲ್ಲಿ ಯಾವುದೇ ಆಟ ಇರಲಿ, ಫಸ್ಟ್ ಸೆಮ್‌ನಲ್ಲಿ ಒಂದು ಸೆಲೆಕ್ಷನ್. ಆಯ್ಕೆ ಆದರೆ ಟೀಮ್, ಇಲ್ಲದಿದ್ದರೆ ಮುಂದಿನ ನಾಲ್ಕು ವರ್ಷ ಪ್ರೇಕ್ಷಕರ ಗ್ಯಾಲರಿ. "ರೆಸ್ಯೂಮೆಗೆ ಬರಲ್ಲ ಬಿಡು ಮಗಾ" ಅಂತ ಸಮಾಧಾನ ಬೇರೆ. ನನ್ನ ಸಲಹೆ ಸಣ್ಣದು: ವಾರಕ್ಕೆ ಒಂದು ಸಂಜೆ, ಮೊದಲ ಅರ್ಧ ಗಂಟೆ, ವಾರ್ಮ್‌ಅಪ್ ಮತ್ತು ಬೇಸಿಕ್ಸ್ ಟೀಮ್ ಜೊತೆ ಬೇಕಾದವರೆಲ್ಲ ಮಾಡಲಿ. ಟೂರ್ನಮೆಂಟ್ ತಿಂಗಳಲ್ಲಿ ಬೇಡ. ಟೀಮ್‌ನವರ ಟೈಮ್ ವೇಸ್ಟ್ ಆಗುತ್ತೆ ಅಂತೀರಾ? ಆ ಅರ್ಧ ಗಂಟೆ ಅವರು ಹೇಗೂ ಮಾಡೋದೇ. ಪಕ್ಕದಲ್ಲಿ ನಾವೂ ಹತ್ತು ಜನ ಇರ್ತೀವಿ, ಅಷ್ಟೇ. ಗ್ಯಾಲರಿಯಲ್ಲಿ ಕೂತು ಕೂಗೋರಿಗೆ ಆ ಆಟ ಎಷ್ಟು ಕಷ್ಟ ಅಂತ ಮೈಗೆ ಗೊತ್ತಾದರೆ, ಸೋತ ದಿನ ಟೀಮ್‌ಗೆ ಬೈಯೋದಾದರೂ ಕಡಿಮೆ ಆಗುತ್ತೆ.

ಆ ಹುಡುಗಿ ಈಗ ಮತ್ತೆ ಬರ್ತಿದ್ದಾಳೆ. ಹೋದ ವಾರ ನಾನೇ ಅವಳ ಹಳೇ ಪ್ರಶ್ನೆ ನೆನಪಿಸಿ, "ಇಷ್ಟ, ಅದಕ್ಕೆ ಬರ್ತೀನಿ. ಚೆನ್ನಾಗಿ ಬರಲ್ಲ, ಆದ್ರೂ ಇಷ್ಟ" ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಪುಬು ನೋಡಿದಳು.

"ಸರಿ ಅಣ್ಣಾ, ಆದ್ರೆ ಹಿಮ್ಮಡಿ ಎತ್ತಬೇಡಿ."